ಬೀದರ: ಕೆಂಪುಕಲ್ಲಿನ ಕೆಳಗಣ ನೀರು

ಕರ್ನಾಟಕದ ಭೂಪಟದಲ್ಲಿ ಉತ್ತರದ ತುತ್ತತುದಿಗೆ ಬೆರಳನ್ನೊಯ್ದರೆ ಬೀದರ ಜಿಲ್ಲೆಯು ಸಿಕ್ಕುವುದು. ಜಿಲ್ಲೆಯ ಮುಖ್ಯ ಪಟ್ಟಣವಾದ ಬೀದರವು ಬೆಂಗಳೂರಿಗಿಂತ ಹೈದರಾಬಾದಿಗೆ ಬಹು ಸಮೀಪ. 1948ರವರೆಗೆ ನಿಜಾಮನ ಸಂಸ್ಥಾನದಲ್ಲಿದ್ದ ಈ ಊರು 1956ರಲ್ಲಿ ಕನ್ನಡನಾಡನ್ನು ಸೇರಿತು.

ಚೆನ್ನೈಯ ಕಡಲತಡಿಯಲ್ಲಿ ಬೆಳೆದ ನಮಗೆ ಅಲ್ಲಿಯ ನೆಲದ ರೀತಿಯೇ ಹೊಸದು. ಸಮುದ್ರಮಟ್ಟಕ್ಕಿಂತ ಆರುನೂರು ಮೀಟರಿಗೂ ಎತ್ತರವಾದ ಪ್ರಸ್ಥಭೂಮಿಯ ಅಂಚಿನಲ್ಲಿ ಊರು ನಿಂತಿದೆ. ಮೇಲಿರುವುದು ಕೆಂಪಾದ ಜಂಬಿಟ್ಟಿಗೆ ಕಲ್ಲು. ಅದರಡಿಯಲ್ಲಿ ಕರಿಯ ಅಗ್ನಿಶಿಲೆ. ಜಂಬಿಟ್ಟಿಗೆಯಲ್ಲಿ ಅಸಂಖ್ಯ ರಂಧ್ರಗಳಿರುವುದರಿಂದ ಮಳೆಯ ನೀರು ಒಳಕ್ಕೆ ಇಳಿಯುವುದು. ಕರಿಕಲ್ಲು ಅದನ್ನು ತಡೆಯುವುದು. ಹೀಗೆ ತಡೆಯಲ್ಪಟ್ಟ ನೀರು ಅಡ್ಡಲಾಗಿ ಸರಿದು ದಿಬ್ಬದ ಇಳಿಜಾರಿನಲ್ಲಿ ಅಲ್ಲಲ್ಲಿ ಚಿಲುಮೆಯಾಗಿ ಹೊರಬರುವುದು. ಆದುದರಿಂದ ಮೇಲೆ ಒಣನೆಲವಿದ್ದರೂ ಒಳಗೆ ತಂಪುಂಟು.

ಹದಿನೈದನೆಯ ಶತಮಾನದ ಪೂರ್ವಾರ್ಧದಲ್ಲಿ ಬಹಮನಿ ಸುಲ್ತಾನನಾದ ಅಹಮದ್ ಷಹನು ರಾಜಧಾನಿಯನ್ನು ಕಲಬುರಗಿಯಿಂದ ಇಲ್ಲಿಗೆ ತಂದನು. ಕೋಟೆಯ ಒಂದು ಪಕ್ಕದಲ್ಲಿ ಕೆಂಪುಕಲ್ಲನ್ನೇ ಕಡಿದು ಮಾಡಿದ ಮೂರು ಸಾಲು ಕಂದಕಗಳು ಇಂದಿಗೂ ಇವೆ. ಪರ್ಷಿಯಾ ದೇಶದಿಂದ ವಿದ್ವಾಂಸರೂ ಶಿಲ್ಪಿಗಳೂ ಬಂದರು. ಗೀಲಾನಿನಿಂದ ಬಂದು ಮಂತ್ರಿಯಾದ ಮಹಮೂದ್ ಗವಾನನು 1472ರಲ್ಲಿ ಕಟ್ಟಿಸಿದ ವಿದ್ಯಾಲಯವು ಒಂದು ಮಿನಾರಿನೊಡನೆ ಈಗಲೂ ನಿಂತಿದೆ. ಕಳ್ಳಪತ್ರವೊಂದನ್ನು ನಂಬಿ ಸುಲ್ತಾನನು 1481ರಲ್ಲಿ ಆ ಮಂತ್ರಿಯನ್ನೇ ಕೊಲ್ಲಿಸಿದನು! ರಾಜ್ಯವು ಮತ್ತೆ ಚೇತರಿಸಿಕೊಳ್ಳಲಿಲ್ಲ.

ಪರ್ಷಿಯಾದ 'ಕಾರೆಜ್' ವಿದ್ಯೆಯೂ ಆ ಕಾಲದಲ್ಲಿ ಇಲ್ಲಿಗೆ ಬಂದಿತು. ಎತ್ತರದಲ್ಲಿ ನೀರಿನ ನೆಲೆಯನ್ನು ಕಂಡು ಒಂದು ತಾಯಿಬಾವಿಯನ್ನು ತೋಡುವರು. ಅಲ್ಲಿಂದ ಊರ ಕಡೆಗೆ ತುಸುವೇ ಇಳಿಜಾರಾದ ಸುರಂಗವನ್ನು ಕೊರೆಯುವರು. ದಾರಿಯುದ್ದಕ್ಕೂ ಬಾವಿಗಳಂಥ ಕಂಡಿಗಳು. ಅಗೆದ ಮಣ್ಣನ್ನು ಮೇಲಕ್ಕೆತ್ತಲು, ಒಳಗಿನವರಿಗೆ ಗಾಳಿ ಸಿಗಲು, ಮುಂದೆ ಜನರು ನೀರು ಸೇದಲು ಇವೇ ಸಾಧನ. ಏತವಿಲ್ಲ, ಯಂತ್ರವಿಲ್ಲ, ನೀರು ತನ್ನ ಭಾರದಿಂದಲೇ ಹರಿಯುವುದು, ಬಿಸಿಲಿಗೆ ಆರುವುದೂ ಕಡಿಮೆ. ಅರಮನೆಗಳಿಗಿಂತ ಇದೇ ದೊಡ್ಡ ಕಟ್ಟಡವೆಂದು ನಮ್ಮ ಅಭಿಪ್ರಾಯ. (ಬಿದರಿ ಪಾತ್ರೆಗಳನ್ನು ಕುರಿತು ಎಲ್ಲರೂ ಬರೆಯುವುದರಿಂದ ನಾವು ಬರೆಯಲಿಲ್ಲ.)

ಕಾಲಕ್ರಮದಲ್ಲಿ ಕೆಲವು ಕಂಡಿಗಳು ಕಸದಿಂದ ತುಂಬಿದವು. ಕೆಲವು ಮಣ್ಣಿನಡಿ ಮುಚ್ಚಿಹೋದವು. ಈ ಶತಮಾನದ ಎರಡನೆಯ ದಶಕದಲ್ಲಿ ನೌಬಾದಿನ ಸುರಂಗದ ಹೂಳನ್ನು ತೆಗೆಸಿದಾಗ ಒಳಗೆ ನೀರು ಕಂಡಿತು. 2019ರ ಬೇಸಗೆಯಲ್ಲಿ ನಮ್ಮ ಚೆನ್ನೈಯ ಕೆರೆಗಳು ಬತ್ತಿ, ಕೊಡ ಹಿಡಿದು ಲಾರಿಯ ಮುಂದೆ ನಿಂತವರಿಗೆ ಇದರ ಬೆಲೆ ತಿಳಿದೀತು. ಆದರೆ ಸುರಂಗವನ್ನು ಶುದ್ಧಮಾಡಿದ ಮಾತ್ರಕ್ಕೆ ಸಾಲದು. ತಾಯಿಬಾವಿಯ ಸುತ್ತಣ ಕೆಂಪುನೆಲವು ಕಾಂಕ್ರೀಟಿನಿಂದ ಮುಚ್ಚಿಹೋಗದೆ ಬಯಲಾಗಿ ಉಳಿದರೆ ಮಾತ್ರ ಮಳೆಯ ನೀರು ಆ ರಂಧ್ರಗಳಿಗೆ ಇಳಿಯಬಲ್ಲದು.