ನೌಕರಿ ಪತ್ರದ ವಿಳಾಸ

ಅಂತಿಮ ವರ್ಷದ ನಮ್ಮ ವಿದ್ಯಾರ್ಥಿಯೊಬ್ಬನಿಗೆ ಪ್ರಸಿದ್ಧ ಕಂಪನಿಯೊಂದರ ಹೆಸರಿನಲ್ಲಿ ನೌಕರಿಯ ಇಮೇಲ್ ಬಂದಿತು. 4,500 ರೂಪಾಯಿ ‘ತರಬೇತಿ ಠೇವಣಿ’ಯನ್ನು ಆ ದಿನವೇ ಕಟ್ಟಬೇಕಂತೆ. ಕೆಲಸ ಕೊಡುವವನು ಹಣ ಕೇಳುವುದೇ ಸಂಶಯಕ್ಕೆ ಸಾಕು. ವಿಳಾಸವನ್ನೂ ಪರೀಕ್ಷಿಸೋಣ. ಕಂಪನಿಯ ತಾಣ ‘ಕಖಗ.ಕಾಮ್’ ಎಂದಿಟ್ಟುಕೊಳ್ಳೋಣ, ಪತ್ರ ಬಂದುದು ‘ಕಖಗ.ತಥದ.ಕಾಮ್’ನಿಂದ. ಇದನ್ನು ಬಲದಿಂದ ಎಡಕ್ಕೆ ಓದಬೇಕು: ‘ಕಾಮ್’ನ ಹಿಂದಿನ ಪದವೇ ಒಡೆಯನ ಗುರುತು. ‘ತಥದ.ಕಾಮ್’ ಅನ್ನು ಕೊಂಡವನು ಅದರ ಎಡಕ್ಕೆ ತನಗೆ ಬೇಕಾದ ಹೆಸರನ್ನು ಸೇರಿಸಿಕೊಳ್ಳಬಲ್ಲನು. ಯಾರ ಅಪ್ಪಣೆಯೂ ಬೇಕಿಲ್ಲ!

ಕಳುಹಿಸಿದವರ ವಿಳಾಸವನ್ನೇ ಪೂರ್ತಿ ಸುಳ್ಳಾಗಿ ತೋರಿಸುವುದೂ ಸಾಧ್ಯವುಂಟು. ಆದುದರಿಂದ ಪತ್ರದಲ್ಲಿನ ಕೊಂಡಿಯನ್ನು ಒತ್ತದೆ, ಕಂಪನಿಯ ತಾಣವನ್ನು ನಾವೇ ತೆರೆದು ಅಲ್ಲಿಂದ ವಿಚಾರಿಸುವುದು ಲೇಸು. ಹಣ ಕಟ್ಟಿದ ನಮ್ಮ ವಿದ್ಯಾರ್ಥಿ ನಾಚಿಕೆಯಿಂದ ಮೂರು ದಿನ ಸುಮ್ಮನಿದ್ದು, ಅನಂತರ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ತಿಳಿಸಿದನು. ಅಷ್ಟರಲ್ಲಿ ಹಣ ಖಾತೆಯಿಂದ ಖಾತೆಗೆ ದಾಟಿಹೋಗಿದ್ದಿತು.