ರೆಪ್ಪೆಯನ್ನು ಮತ್ತೊಮ್ಮೆ ಎತ್ತಿ ನೋಡು

ವಿಜಯನಗರ 2ನೇ ಹಂತ,
ಮೈಸೂರು

ಚಿ. ಪುಟ್ಟಿ,

ಕೆ.ಆರ್. ಆಸ್ಪತ್ರೆಯಲ್ಲಿ ಹೌಸ್ ಸರ್ಜನ್ ಆಗಿ ಸೇರಿದ್ದೀಯೆಂದು ನಿಮ್ಮಪ್ಪ ಹೇಳಿದ. ತುಂಬ ಸಂತೋಷವಾಯಿತು ಮಗಳೇ. ರಾತ್ರಿ ಪಾಳಿಯಲ್ಲಿ ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾದವರು ಬಂದೇ ಬರುತ್ತಾರೆ. ಅವರ ವಿಷಯಕ್ಕೇ ಈ ಕಾಗದ.

ಬುರುಡೆ ಹಿಗ್ಗುವುದಿಲ್ಲ. ಒಳಗೆ ರಕ್ತ ಹೆಪ್ಪುಗಟ್ಟಿದರೆ, ಮಿದುಳು ಊದಿದರೆ ಒತ್ತಡ ಏರುತ್ತದೆ. ಅದು 22 ಮಿಲಿಮೀಟರ್ ಪಾದರಸ ದಾಟಿದರೆ ಇಳಿಸಬೇಕೆಂದು 2016ರ ಅಮೆರಿಕದ ಮಾರ್ಗಸೂಚಿ ಹೇಳುತ್ತದೆ. ಆದರೆ ಅಳೆಯಲು ಬುರುಡೆ ಕೊರೆದು ಕೊಳವೆ ಇಳಿಸಬೇಕು. ಆ ಅನುಕೂಲ ಎಲ್ಲ ಕಡೆ ಇರುವುದಿಲ್ಲ. ನಿನ್ನ ಜೇಬಿನಲ್ಲಿ ಟಾರ್ಚ್ ಇರುತ್ತದೆ.

ಕಣ್ಣಿಗೆ ಬಿಟ್ಟ ಬೆಳಕಿನ ಸುದ್ದಿ ಎರಡನೆಯ ನರದಲ್ಲಿ ನಡುಮಿದುಳಿಗೆ ಹೋಗಿ, ಮೂರನೆಯ ನರದಲ್ಲಿ ಹಿಂದಿರುಗಿ, ಎರಡೂ ಪಾಪೆಗಳನ್ನು ಕಿರಿದಾಗಿಸುತ್ತದೆ. ಈ ಕೆಲಸದ ಎಳೆಗಳಿರುವುದು ಮೂರನೆಯ ನರದ ಹೊರಮೈಯಲ್ಲಿ. ಊದಿದ ಮಿದುಳು ನರವನ್ನು ಒತ್ತಿದಾಗ ಮೊದಲು ನಲುಗುವುದು ಅವೇ. ಆ ಬದಿಯ ಪಾಪೆ ಹಿಗ್ಗಿ ಮಂದವಾಗುತ್ತದೆ.

ಇಷ್ಟು ನೀನು ಓದಿರುತ್ತೀಯ. ನನ್ನ ಕಳಕಳಿ ಅದರ ಮುಂದಿನದು. ಒತ್ತಡ ಇಳಿಸುವ ಮ್ಯಾನಿಟಾಲ್ ಹಾಕಿದ ಮೇಲೆ ಅನೇಕರ ಟಾರ್ಚ್ ಜೇಬು ಸೇರಿಬಿಡುತ್ತದೆ. ನೀನು ಹಾಗೆ ಮಾಡಬೇಡ. ಅರ್ಧ ಗಂಟೆಯೊಳಗೆ ಮತ್ತೆ ರೆಪ್ಪೆ ಎತ್ತು. ಹಿಗ್ಗಿದ್ದ ಪಾಪೆ ಕಿರಿದಾಗಿ ಬೆಳಕಿಗೆ ಚುರುಕಾಗಿದ್ದರೆ ಒತ್ತಡ ಇಳಿದಿರಬಹುದು. ಆದರೂ ಔಷಧಿಯ ಉಪಕಾರ ಕೆಲವು ಗಂಟೆಗಳದು; ಒಳಗಿನ ಹೆಪ್ಪು ಅಲ್ಲೇ ಇದೆ. ಅಷ್ಟರಲ್ಲಿ ಸ್ಕ್ಯಾನ್, ಆಪರೇಷನ್ ಏರ್ಪಾಟು ಆಗಬೇಕು. ಪಾಪೆ ಹಾಗೆಯೇ ಇದ್ದರೆ ಬೆಳಗಿನ ರೌಂಡ್ಸ್‌ವರೆಗೆ ಕಾಯದೆ ಆಗಲೇ ಹಿರಿಯರನ್ನು ಎಬ್ಬಿಸು. ಬೈದರೆ ಬೈಯಲಿ.

ಪಾಪೆಯೊಂದನ್ನೇ ನಂಬಲೂಬೇಡ. ಹಳೆಯ ಕಣ್ಣಿನ ಆಪರೇಷನ್, ಕಣ್ಣಿಗೇ ಬಿದ್ದ ಪೆಟ್ಟು, ಅಟ್ರೋಪಿನ್ ಹನಿ ಇವೆಲ್ಲ ದಾರಿ ತಪ್ಪಿಸುತ್ತವೆ. ಮಾರ್ಫಿನ್ ಪಾಪೆಯನ್ನು ಸೂಜಿಮೊನೆಯಷ್ಟಾಗಿಸುತ್ತದೆ. ಎಚ್ಚರದ ಮಟ್ಟವನ್ನು ಗ್ಲಾಸ್ಗೋ ಅಂಕದಲ್ಲಿ ನೋಡು, ನಾಡಿ ಹಿಡಿ. ಬಿ.ಪಿ. ಏರುತ್ತಾ ನಾಡಿ ನಿಧಾನವಾಗುತ್ತಿದ್ದರೆ ಹೊತ್ತು ಮೀರುತ್ತಿದೆ ಎಂದೇ ತಿಳಿ.

ಬರಿಯ ತಪಾಸಣೆಯಿಂದ ಏನಾದೀತು ಎನ್ನಬೇಡ. ತಲೆಗೆ ಪೆಟ್ಟಾದ, ಬೊಲಿವಿಯಾ, ಈಕ್ವೆಡಾರ್ ದೇಶಗಳ 324 ರೋಗಿಗಳ ಅಧ್ಯಯನವೊಂದು 2012ರಲ್ಲಿ ಪ್ರಕಟವಾಯಿತು. ಒಳಗಿನ ಒತ್ತಡ ಅಳೆದು ಚಿಕಿತ್ಸೆ ಪಡೆದವರಿಗೂ, ಸ್ಕ್ಯಾನ್ ಮತ್ತು ತಪಾಸಣೆ ನೆಚ್ಚಿ ಚಿಕಿತ್ಸೆ ಪಡೆದವರಿಗೂ ಫಲದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಒತ್ತಡ ಅಳೆಯುವ ಯಂತ್ರವೇ ಬೇಡವೆಂದು ಇದನ್ನು ಅರ್ಥ ಮಾಡಿಕೊಳ್ಳಬೇಡ. ಆದರೆ ಅಲ್ಲಿ ತಪಾಸಣೆ ಬಿಡದೆ ನಡೆದಿತ್ತು, ಅದನ್ನು ಗಮನಿಸು.

ಕೇಸ್‌ಶೀಟಿನಲ್ಲಿ ‘ಪಾಪೆ ಸರಿಯಿದೆ’ ಎಂದು ಬರೆದು ಮುಗಿಸಬೇಡ. ನೋಡಿದ ಗಂಟೆ, ಎಡ ಎಷ್ಟು ಮಿಲಿಮೀಟರ್, ಬಲ ಎಷ್ಟು, ಬೆಳಕಿಗೆ ಚುರುಕೋ ಮಂದವೋ, ಎಲ್ಲವನ್ನೂ ಬರೆ. ನಿನ್ನ ನಂತರ ಡ್ಯೂಟಿಗೆ ಬರುವವರು ಅದನ್ನು ನೋಡಿಯೇ ಮುಂದಿನ ಚಿಕಿತ್ಸೆ ನಿರ್ಧರಿಸುತ್ತಾರೆ.

ಇತಿ,
ನಿನ್ನ ದೊಡ್ಡಪ್ಪ