ಖಾಸಗಿ ಜಮೀನಿನಲ್ಲಿ ಕುದುರೆ ಲಾಯ: ಯೋಜನೆ ಮತ್ತು ಪೂರ್ವಸಿದ್ಧತೆ

ಸಾಕಿದ ಕುದುರೆಯು ದಿನದ ಬಹುಭಾಗವನ್ನು ಲಾಯದಲ್ಲಿಯೇ ಕಳೆಯುತ್ತದೆ. ಅದರ ಉಸಿರು, ಗೊರಸು, ಜೀರ್ಣಶಕ್ತಿ ಇವೆಲ್ಲವೂ ಲಾಯದ ಗಾಳಿ, ನೆಲ ಮತ್ತು ಮೇವನ್ನು ಅವಲಂಬಿಸಿರುತ್ತವೆ. ಆದುದರಿಂದ ಲಾಯ ಕಟ್ಟುವವರು ಇಟ್ಟಿಗೆ, ಸಿಮೆಂಟು ತರಿಸುವುದಕ್ಕೆ ಮೊದಲು ಜಮೀನನ್ನೂ ಕಾನೂನನ್ನೂ ಚೆನ್ನಾಗಿ ಅರಿತುಕೊಳ್ಳುವುದು ಆವಶ್ಯಕ. ಮುಂಬಯಿಯ ಕುರ್ಲಾದಂತಹ ಜನದಟ್ಟಣೆಯ ಪ್ರದೇಶದಲ್ಲಿ ಈ ಮಾತು ಇನ್ನಷ್ಟು ಮುಖ್ಯವಾಗುತ್ತದೆ.

ಕಾನೂನು ಮತ್ತು ಅನುಮತಿ

ಜಮೀನು ಸ್ವಂತದ್ದೆಂಬ ಕಾರಣಕ್ಕೆ ಅಲ್ಲಿ ಪ್ರಾಣಿಗಳನ್ನು ಕಟ್ಟುವ ಹಕ್ಕು ತಾನಾಗಿ ದೊರೆಯುವುದಿಲ್ಲ. ಕುರ್ಲಾ ಪ್ರದೇಶವು ಬೃಹನ್ಮುಂಬಯಿ ಮಹಾನಗರಪಾಲಿಕೆಯ ‘ಎಲ್’ ವಾರ್ಡಿಗೆ ಸೇರಿದೆ. ಅಭಿವೃದ್ಧಿ ಯೋಜನೆಯಲ್ಲಿ ಆ ಜಮೀನನ್ನು ಯಾವ ಉಪಯೋಗಕ್ಕೆ ಗುರುತಿಸಲಾಗಿದೆ, ಕಟ್ಟಡಕ್ಕೆ ಮತ್ತು ಪ್ರಾಣಿ ಸಾಕಣೆಗೆ ಯಾವ ಪರವಾನಗಿಗಳು ಬೇಕು ಎಂಬುದನ್ನು ವಾರ್ಡ್ ಕಚೇರಿಯಲ್ಲಿ ವಿಚಾರಿಸಿ, ಲಿಖಿತ ಉತ್ತರವನ್ನು ಪಡೆಯತಕ್ಕದ್ದು. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಪ್ರಕಾರ ಸಾಕಷ್ಟು ಆಹಾರ, ನೀರು ಅಥವಾ ಆಸರೆ ಒದಗಿಸದಿರುವುದು ಅಪರಾಧವಾಗಿದೆ.

ಮುಂಬಯಿಯ ವಿಕ್ಟೋರಿಯಾ ಗಾಡಿಗಳ ಉದಾಹರಣೆ ಇಲ್ಲಿ ಗಮನಾರ್ಹ. ಮೋಜಿನ ಸವಾರಿಗಾಗಿ ಇವುಗಳನ್ನು ಓಡಿಸುವುದು ಕಾನೂನುಬಾಹಿರವೆಂದು ಮುಂಬಯಿ ಉಚ್ಚ ನ್ಯಾಯಾಲಯವು 2015ರ ಜೂನ್ ತಿಂಗಳಿನಲ್ಲಿ ತೀರ್ಪಿತ್ತು, ಒಂದು ವರ್ಷದೊಳಗೆ ನಿಲ್ಲಿಸಬೇಕೆಂದು ಆದೇಶಿಸಿತು. ಗಾಡಿಯವರ ಪುನರ್ವಸತಿಗೆ ಯೋಜನೆ ರೂಪಿಸುವಂತೆ ಸರ್ಕಾರಕ್ಕೆ ಸೂಚಿಸಿತು. ಕಸುಬಿಗೆ ಕಾನೂನಿನ ಆಧಾರವಿಲ್ಲದಿದ್ದರೆ ಪ್ರಾಣಿ ಮತ್ತು ಕುಟುಂಬ ಎರಡೂ ಅತಂತ್ರವಾಗುತ್ತವೆ ಎಂಬ ಪಾಠ ಇದರಲ್ಲಿದೆ.

ಸ್ಥಳದ ಆಯ್ಕೆ

ಮಿಠಿ ನದಿಯು ಕುರ್ಲಾದ ಮೂಲಕ ಹರಿದು ಮಾಹಿಮ್ ಕೊಲ್ಲಿಯನ್ನು ಸೇರುತ್ತದೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ ಸುರಿದಾಗ ನದಿ ಉಕ್ಕಿ, ಕುರ್ಲಾದ ತಗ್ಗು ಭಾಗಗಳು ಮುಳುಗಿದವು. ಕಟ್ಟಿಹಾಕಿದ ಪ್ರಾಣಿಗೆ ಇಂತಹ ನೀರಿನಿಂದ ತಾನಾಗಿ ಪಾರಾಗುವ ದಾರಿಯಿರುವುದಿಲ್ಲ. ಆದ್ದರಿಂದ ಅಂದು ನೀರು ಎಲ್ಲಿಯವರೆಗೆ ಏರಿತ್ತೆಂಬುದನ್ನು ನೆರೆಹೊರೆಯ ಹಿರಿಯರಿಂದ ಕೇಳಿ ಗುರುತಿಸಿಕೊಳ್ಳಬೇಕು. ಲಾಯದ ನೆಲವನ್ನು ಆ ಗುರುತಿಗಿಂತ ಕನಿಷ್ಠ 1 ಅಡಿ ಎತ್ತರಕ್ಕೆ ತರಬೇಕು. ನೆಲದಿಂದ ಎತ್ತರದ ರಸ್ತೆಗೆ ಕುದುರೆಯನ್ನು ನಡೆಸಿಕೊಂಡು ಹೋಗಲು ಇಳಿಜಾರಾದ ದಾರಿಯೂ ಇರಬೇಕು. ಹಗ್ಗವನ್ನು ಒಂದೇ ಎಳೆತಕ್ಕೆ ಬಿಚ್ಚುವ ಗಂಟಿನಿಂದ ಕಟ್ಟುವುದು ಒಳ್ಳೆಯ ರೂಢಿ. ಇಷ್ಟೂ ಸಾಧ್ಯವಾಗದ ಜಮೀನು ಲಾಯಕ್ಕೆ ಯೋಗ್ಯವಲ್ಲ.

ಅಳತೆಗಳು

ಸಾಧಾರಣ ಗಾತ್ರದ ಒಂದು ಕುದುರೆಗೆ 12 ಅಡಿ ಉದ್ದ, 12 ಅಡಿ ಅಗಲದ ಕೋಣೆ ಬೇಕು. ಸಣ್ಣ ತಟ್ಟುವಿಗೆ 10 ಅಡಿ ಚೌಕ ಸಾಕು. ಬಾಗಿಲು 4 ಅಡಿ ಅಗಲ, 8 ಅಡಿ ಎತ್ತರವಿರಬೇಕು. ಸೂರು 10ರಿಂದ 12 ಅಡಿ ಎತ್ತರದಲ್ಲಿರಬೇಕು. ಉದಾಹರಣೆಗೆ, 4 ಕುದುರೆಗಳ ಲಾಯವನ್ನು ಒಂದೇ ಸಾಲಿನಲ್ಲಿ ಕಟ್ಟಿದರೆ ಕೋಣೆಗಳಿಗೆ 576 ಚದರ ಅಡಿ, ಮುಂದಿನ 10 ಅಡಿ ಅಗಲದ ಪಡಸಾಲೆಗೆ 480, ಮೇವು ಮತ್ತು ಜೀನು ಇಡುವ ಕೋಣೆಗೆ 144, ರೋಗಿಷ್ಠ ಪ್ರಾಣಿಯ ಪ್ರತ್ಯೇಕ ಕೋಣೆಗೆ 144, ಹೀಗೆ ಒಟ್ಟು 1,344 ಚದರ ಅಡಿ ಬೇಕಾಗುತ್ತದೆ. ಗೋಡೆಗಳ ದಪ್ಪ, ಲದ್ದಿಯ ಗುಂಡಿ ಮತ್ತು ಕುದುರೆ ಅಡ್ಡಾಡುವ ಅಂಗಳ ಇದರಲ್ಲಿ ಸೇರಿಲ್ಲ.

ನೆಲ ಒರಟಾಗಿದ್ದು, ಗಂಜಲ ಹರಿದುಹೋಗುವಷ್ಟು ಇಳಿಜಾರು ಹೊಂದಿರಬೇಕು. ನುಣುಪಾದ ನೆಲದಲ್ಲಿ ಕುದುರೆ ಜಾರಿ ಕಾಲು ಮುರಿದುಕೊಳ್ಳುವ ಅಪಾಯವಿದೆ. ಸದಾ ತೇವವಿರುವ ನೆಲದಲ್ಲಿ ಗೊರಸು ಕೊಳೆಯುತ್ತದೆ. ಗಂಜಲದಿಂದೇಳುವ ಅಮೋನಿಯಾ ಶ್ವಾಸಕೋಶಕ್ಕೆ ಹಾನಿಕರವಾದುದರಿಂದ ಗೋಡೆಯ ಮೇಲ್ಭಾಗದಲ್ಲಿಯೂ ಮಾಡಿನ ನೆತ್ತಿಯಲ್ಲಿಯೂ ಗಾಳಿಕಂಡಿಗಳನ್ನು ಬಿಡಬೇಕು. ಮುಂಬಯಿಯಲ್ಲಿ ಮುಂಗಾರಿನ ಮಳೆಗಾಳಿ ನೈರುತ್ಯ ದಿಕ್ಕಿನಿಂದ ಬೀಸುವುದರಿಂದ ಆ ಕಡೆಗೆ ಸೂರನ್ನು ಹೆಚ್ಚು ಚಾಚುವುದು ಲೇಸು.

ನೀರು, ಮೇವು, ಲದ್ದಿ

ಒಂದು ಕುದುರೆ ಬೇಸಿಗೆಯಲ್ಲಿ ದಿನಕ್ಕೆ ಸುಮಾರು 40 ಲೀಟರ್ ನೀರು ಕುಡಿಯಬಹುದು. ಮೈ ತೊಳೆಯಲು, ನೆಲ ತೊಳೆಯಲು ಬೇರೆ ನೀರು ಬೇಕು. ಆದುದರಿಂದ ಕನಿಷ್ಠ 2 ದಿನಗಳಿಗಾಗುವ ತೊಟ್ಟಿಯಿರಲಿ. 400 ಕಿಲೋ ತೂಕದ ಕುದುರೆಗೆ ದಿನಕ್ಕೆ ಸುಮಾರು 8 ಕಿಲೋ ಒಣ ಆಹಾರ ಬೇಕು. 4 ಕುದುರೆಗಳಿಗೆ 15 ದಿನಗಳ ದಾಸ್ತಾನೆಂದರೆ 480 ಕಿಲೋ. ಬೂಷ್ಟು ಹಿಡಿದ ಮೇವಿನಿಂದ ಹೊಟ್ಟೆಶೂಲೆ ಬಂದು ಕುದುರೆ ಸಾಯಲೂಬಹುದು. ಆದ್ದರಿಂದ ಮೇವನ್ನು ನೆಲಕ್ಕೆ ತಾಗದಂತೆ ಅಟ್ಟಣೆಯ ಮೇಲೆ ಇಡಬೇಕು. ಹುಲ್ಲಿನ ಕೋಣೆಯ ಬಳಿ ಬೀಡಿ, ಒಲೆ, ಸಡಿಲ ವಿದ್ಯುತ್ ತಂತಿಗಳನ್ನು ಬಿಡಕೂಡದು. ಲಾಯಕ್ಕೆ 2 ಬಾಗಿಲುಗಳಿರಬೇಕು.

ಪ್ರತಿ ಕುದುರೆಯಿಂದ ದಿನಕ್ಕೆ 15ರಿಂದ 20 ಕಿಲೋ ಲದ್ದಿ ಬೀಳುತ್ತದೆ. ನಾಲ್ಕು ಕುದುರೆಗಳ ಲದ್ದಿ ತಿಂಗಳಿಗೆ ಸುಮಾರು 2 ಟನ್ನು ಮೀರಬಹುದು. ಅದನ್ನು ಚರಂಡಿಗೆ ತಳ್ಳಿದರೆ ಚರಂಡಿ ಕಟ್ಟಿ, ಮೊದಲ ಮಳೆಗೇ ಕೊಳಕು ನೀರು ನೆರೆಮನೆಗಳಿಗೆ ನುಗ್ಗುತ್ತದೆ. ಮುಚ್ಚಳವಿರುವ ಗುಂಡಿ ಮತ್ತು ಗೊಬ್ಬರ ಒಯ್ಯುವವರೊಡನೆ ಮೊದಲೇ ಮಾಡಿಕೊಂಡ ಒಪ್ಪಂದ, ಇವೆರಡೂ ಯೋಜನೆಯ ಅಂಗವಾಗಿರಬೇಕು.

ರೋಗ ನಿಯಂತ್ರಣ

ಹೊಸದಾಗಿ ತಂದ ಕುದುರೆಯನ್ನು 3 ವಾರ ಪ್ರತ್ಯೇಕವಾಗಿಡಬೇಕು. ಗ್ಲ್ಯಾಂಡರ್ಸ್ ರೋಗವು ಕುದುರೆಯಿಂದ ಮನುಷ್ಯನಿಗೂ ಹರಡುತ್ತದೆ; ಅದಕ್ಕೆ ಲಸಿಕೆಯಿಲ್ಲ. 2009ರ ಪ್ರಾಣಿಗಳ ಸಾಂಕ್ರಾಮಿಕ ರೋಗ ನಿಯಂತ್ರಣ ಕಾಯ್ದೆಯಂತೆ ಇಂತಹ ರೋಗದ ಸಂಶಯವನ್ನು ಮುಚ್ಚಿಡದೆ ತಿಳಿಸುವುದು ಮಾಲೀಕರ ಕರ್ತವ್ಯ. ಕಚ್ಚುವ ನೊಣಗಳಿಂದ ಸರ್ರಾ ರೋಗ ಹರಡುವುದರಿಂದ ಲಾಯದ ಸ್ವಚ್ಛತೆಯೇ ಮೊದಲ ಔಷಧ. ಕುದುರೆಗಳಿಗೂ ಆಳುಗಳಿಗೂ ಧನುರ್ವಾಯುವಿನ ಲಸಿಕೆ ಹಾಕಿಸಬೇಕು.

ಕೊನೆಯ ನಿರ್ಧಾರ

ಮೇಲಿನ ಲೆಕ್ಕಗಳನ್ನು ಒಂದು ಹಾಳೆಯ ಮೇಲೆ ಬರೆದು, ಕಟ್ಟಡದ ನಕ್ಷೆಯೊಡನೆ ಪಶುವೈದ್ಯರಿಗೂ ಎಂಜಿನಿಯರಿಗೂ ತೋರಿಸುವುದು ಉಚಿತ. ಜಾಗ ಸಾಲದಿದ್ದರೆ ಕುದುರೆಗಳ ಸಂಖ್ಯೆಯನ್ನು ಕಡಿಮೆ ಮಾಡಬೇಕೇ ಹೊರತು ಕೋಣೆಯ ಅಳತೆಯನ್ನಲ್ಲ. ಅದೂ ಆಗದಿದ್ದರೆ ಊರ ಹೊರಗೆ ಜಮೀನು ನೋಡುವುದೇ ವಿವೇಕ. ನಗರದ ಎಮ್ಮೆ ಕೊಟ್ಟಿಗೆಗಳನ್ನು ಹೊರಗೆ ಸಾಗಿಸಲೆಂದೇ 1949ರಲ್ಲಿ ಆರೇ ಹಾಲು ಕಾಲೋನಿಯನ್ನು ಸ್ಥಾಪಿಸಲಾಯಿತೆಂಬುದು ಇಲ್ಲಿ ಸ್ಮರಣೀಯ. ಕುದುರೆ ತನ್ನ ಇಕ್ಕಟ್ಟನ್ನು ಬಾಯಿಬಿಟ್ಟು ಹೇಳಲಾರದು. ಅದರ ಪರವಾಗಿ ಮೊದಲೇ ಯೋಚಿಸಬೇಕಾದವನು ಮಾಲೀಕನೇ.